ಫಿಟ್ಸ್ ಬಂದದ್ದನ್ನು ಮುಚ್ಚಿಡಬೇಡಿ

ಶಾರ್ಜಾದ ನಮ್ಮ ರೂಮಿನಲ್ಲಿ ಹಾವೇರಿ ಕಡೆಯ ಡ್ರೈವರ್ ಹುಡುಗನಿಗೆ ಒಂದು ರಾತ್ರಿ ಫಿಟ್ಸ್ ಬಂತು. 'ಕೆಲಸ ಹೋಗುತ್ತೆ, ಯಾರಿಗೂ ಹೇಳ್ಬೇಡಿ ಅಣ್ಣ' ಅಂದ. ನಾವು ಕೇಳಲಿಲ್ಲ, ಆಸ್ಪತ್ರೆಗೆ ಕರೆದೊಯ್ದೆವು. ಎಂಆರ್‌ಐನಲ್ಲಿ ಮೆದುಳಿನ ರಕ್ತನಾಳಗಳ ಗೋಜಲು ಕಂಡಿತು. ಡಾಕ್ಟರು ಅದನ್ನು 'ಎವಿಎಂ' ಅಂದರು.

ಅಪಧಮನಿಯ ರಕ್ತ ಸಣ್ಣ ಲೋಮನಾಳಗಳಲ್ಲಿ ಹಾದು, ಒತ್ತಡ ಇಳಿದ ಮೇಲೆ ಅಭಿಧಮನಿ ಸೇರಬೇಕು. ಎವಿಎಂನಲ್ಲಿ ಆ ನಡುವಿನ ದಾರಿಯೇ ಇಲ್ಲ. ಒತ್ತಡ ತಾಳದೆ ನಾಳ ಒಡೆದರೆ ಮೆದುಳಿನಲ್ಲಿ ರಕ್ತಸ್ರಾವ. ವರ್ಷಕ್ಕೆ ನೂರರಲ್ಲಿ ಸುಮಾರು 2ರಿಂದ 4 ರೋಗಿಗಳಿಗೆ ಹೀಗಾಗುತ್ತದೆ.

ಪೂರ್ತಿ ಚಿತ್ರ ಸಿಗೋದು ಆಂಜಿಯೋಗ್ರಾಂನಲ್ಲಿ. ಚಿಕಿತ್ಸೆ ಮೂರು ಬಗೆ: ಆಪರೇಷನ್, ನಾಳದೊಳಗೆ ಅಂಟು ತುಂಬುವ ಎಂಬೋಲೈಸೇಷನ್, ಗಾಮಾ ನೈಫ್ ವಿಕಿರಣ. ಗಾಮಾ ನೈಫ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಆದರೆ ಗೋಜಲು ಮುಚ್ಚಲು 2-3 ವರ್ಷ ಬೇಕು, ಅಲ್ಲಿಯವರೆಗೆ ಅಪಾಯ ಇದ್ದೇ ಇರುತ್ತೆ. ಕೆಲವರಿಗೆ ಬರೀ ನಿಗಾ ಸಾಕು ಅಂತಾರೆ.

ಲೆಕ್ಕ ಬರೆಯೋ ನಾವು ಹೇಳೋದಿಷ್ಟೆ: ಚಿಕಿತ್ಸೆಗೆ ಊರಿಗೆ ಹೋಗುವಾಗ ಸ್ಕ್ಯಾನ್ ಸಿಡಿ, ರಿಪೋರ್ಟು, ಬಿಲ್ಲು ಜೊತೆಗಿರಲಿ.

ಹುಡುಗ ಈಗ ಸ್ಟೋರ್‌ನಲ್ಲಿದ್ದಾನೆ. ಸ್ಟೀರಿಂಗ್ ಬಿಡಬೇಕಾಯ್ತು, ಸಂಬಳವೂ ಸ್ವಲ್ಪ ಇಳಿಯಿತು. ಆದರೂ ತಿಂಗಳಿಗೊಮ್ಮೆ ಅಮ್ಮನಿಗೆ ದುಡ್ಡು ಕಳಿಸೋದು ನಿಂತಿಲ್ಲ.