ಗುಡ್ಡೆಯ ದಾರಿ, ಓಟದ ಮಟ್ಟ

ಪೈವಳಿಕೆ ಕಡೆಯ ಸೋದರಿಯೊಬ್ಬರು ನಮಗೊಂದು ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಮಗ ಮಂಗಳೂರಿನಲ್ಲಿ ಓದುತ್ತಿದ್ದು, ಗೆಳೆಯರೊಡನೆ ಗುಡ್ಡ ಬೆಟ್ಟಗಳ ಕಾಲುದಾರಿಗಳಲ್ಲಿ ಓಡುವ ಅಭ್ಯಾಸ ಮಾಡಿಕೊಂಡಿದ್ದಾನೆ. ಪಟ್ಟಣದವರು ಇದನ್ನು ಟ್ರೈಲ್ ರನ್ನಿಂಗ್ ಎನ್ನುತ್ತಾರೆ. ರಜೆಗೆ ಬಂದವನು ತಂದೆಯನ್ನೂ ಒಂಬತ್ತನೆಯ ತರಗತಿಯ ತಂಗಿಯನ್ನೂ ಹುರಿದುಂಬಿಸಿ, ಬೆಳ್ಳಂಬೆಳಗ್ಗೆ ಗುಡ್ಡೆಗೆ ಕರೆದೊಯ್ದನಂತೆ. ಮಗ ಮುಕ್ಕಾಲು ಗಂಟೆಯಲ್ಲಿ ಹಿಂತಿರುಗಿದ. ಮಗಳು ಒಂದೂವರೆ ಗಂಟೆಗೆ, ಮೊಣಕಾಲು ತರಚಿಕೊಂಡು ಬಂದಳು. ಐವತ್ತರ ಹೊಸ್ತಿಲಲ್ಲಿರುವ, ಸಕ್ಕರೆ ಕಾಯಿಲೆಯ ಯಜಮಾನರು ಬಿಸಿಲೇರಿದ ಮೇಲೆ ಬಂದರು, ಮರುದಿನ ಜಗಲಿಯ ಮೆಟ್ಟಿಲು ಇಳಿಯಲಾರದೆ ಹೋದರು. "ಓಡುವುದು ಬೇಡವೆಂದು ಹೇಳಲು ಮನಸ್ಸಿಲ್ಲ. ಯಾರಿಗೆ ಯಾವ ದಾರಿ ಎಂಬುದನ್ನು ತಿಳಿಸಿ" ಎಂದು ಆ ತಾಯಿ ಕೇಳಿದ್ದಾರೆ. ಬೇರೆ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿಯೇ ಉತ್ತರಿಸುತ್ತಿದ್ದೇವೆ.

ಮೊದಲು, ಗುಡ್ಡೆಯನ್ನೇ ಏಕೆ ಹತ್ತಬೇಕು, ಡಾಮರು ರಸ್ತೆ ಇಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ತಲಪಾಡಿಯಿಂದ ದಕ್ಷಿಣಕ್ಕೆ ನಮ್ಮ ಜಿಲ್ಲೆಯ ಉದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳ ರಸ್ತೆಯಾಗಿ ಅಗಲಗೊಂಡ ಮೇಲೆ ವಾಹನಗಳ ವೇಗಕ್ಕೆ ಮಿತಿಯಿಲ್ಲ. ಒಳರಸ್ತೆಗಳೋ, ತಿರುವಿನಲ್ಲಿ ಪಾದಚಾರಿಗೆ ಅಂಗುಲ ಜಾಗವಿಲ್ಲದಷ್ಟು ಇಕ್ಕಟ್ಟು. ಮುಂಜಾನೆಯ ಮಬ್ಬಿನಲ್ಲಿ ಮಕ್ಕಳು ರಸ್ತೆಯ ಅಂಚಿನಲ್ಲಿ ಓಡುವುದನ್ನು ಕಂಡಾಗಲೆಲ್ಲ ನಮ್ಮ ಎದೆ ನಡುಗುತ್ತದೆ. ಅದಕ್ಕಿಂತ ಹಿರಿಯರು ಸವೆಸಿದ ಕಾಲುದಾರಿ ಎಷ್ಟೋ ಮೇಲು. ಮಣ್ಣು ಡಾಮರಿಗಿಂತ ಮೆದು. ಹೆಜ್ಜೆಹೆಜ್ಜೆಗೂ ನೆಲ ಬದಲಾಗುವುದರಿಂದ ಪಾದ, ಹರಡು, ಸೊಂಟ ಎಲ್ಲಕ್ಕೂ ಕೆಲಸ ಬೀಳುತ್ತದೆ. ನೋಡಲು ಕಣ್ಣಿಗೂ ಏನಾದರೊಂದು ಇರುತ್ತದೆ.

ಅಧ್ಯಾಪಕರ ತರಬೇತಿಯಲ್ಲಿ ನಮಗೆ ಕಲಿಸಿದ ಸೂತ್ರವೊಂದಿದೆ: ತಿಳಿದುದರಿಂದ ತಿಳಿಯದುದಕ್ಕೆ, ಸರಳದಿಂದ ಕಠಿನಕ್ಕೆ. ಅಕ್ಷರಕ್ಕೆ ಅನ್ವಯಿಸುವ ಈ ಸೂತ್ರ ಕಾಲಿಗೂ ಅನ್ವಯಿಸುತ್ತದೆ. ಬಳ್ಳಿ ಬರೆಯದ ಮಗುವಿಗೆ ನಾವು ಒತ್ತಕ್ಷರ ಕೊಡುವುದಿಲ್ಲ. ಆದರೆ ಗುಡ್ಡೆಯ ಮಟ್ಟಿಗೆ ಬಹಳ ಮಂದಿ ಮೊದಲ ದಿನವೇ ತುದಿ ಮುಟ್ಟಲು ಹೊರಡುತ್ತಾರೆ.

ದಾರಿಯ ಕಷ್ಟವನ್ನು ಕಿಲೋಮೀಟರಿನಿಂದ ಮಾತ್ರ ಅಳೆಯಬಾರದು. 1892ರಲ್ಲಿ ಸ್ಕಾಟ್‌ಲೆಂಡಿನ ಬೆಟ್ಟ ಹತ್ತುಗ ವಿಲಿಯಂ ನೈಸ್ಮಿತ್ ಒಂದು ಲೆಕ್ಕ ಹೇಳಿದ್ದರು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಅದು ನಡಿಗೆಯ ಲೆಕ್ಕ. ಈಗಿನ ಗುಡ್ಡದೋಟದ ಅಂತರರಾಷ್ಟ್ರೀಯ ಸಂಘವು ಇನ್ನೂ ಸುಲಭದ ಲೆಕ್ಕವನ್ನು ಬಳಸುತ್ತದೆ. 100 ಮೀಟರ್ ಏರನ್ನು ಸಮತಟ್ಟಾದ ಒಂದು ಕಿ.ಮೀ. ಎಂದು ತಿಳಿದು ದೂರಕ್ಕೆ ಕೂಡಿಸಬೇಕು. 6 ಕಿ.ಮೀ. ದಾರಿಯಲ್ಲಿ ಒಟ್ಟು 250 ಮೀಟರ್ ಏರಿದ್ದರೆ ಅದು ಎಂಟೂವರೆ ಕಿ.ಮೀ. ಸಮ. ಐದನೆಯ ತರಗತಿಯ ಮಗುವೂ ಮಾಡಬಹುದಾದ ಈ ಕೂಡುಲೆಕ್ಕವನ್ನು ಮನೆಯಲ್ಲಿ ಕುಳಿತೇ ಮಾಡಿಕೊಳ್ಳಬೇಕು. ಎತ್ತರ ತೋರಿಸುವ ನಕ್ಷೆ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಆದರೆ ನೆಲ ಜಾರುತ್ತದೆಯೇ, ತೋಡು ದಾಟುವ ಸಂಕ ಮುರಿದಿದೆಯೇ ಎಂಬುದನ್ನು ಯಾವ ನಕ್ಷೆಯೂ ಹೇಳದು. ಓಡುವ ಮೊದಲು ಆ ದಾರಿಯನ್ನು ಒಮ್ಮೆ ನಡೆದು ನೋಡಲೇಬೇಕೆಂಬುದು ನಮ್ಮ ಹಟ.

ಹೊಸಬರಿಗೆ ಬೈಲೇ ಸರಿ. ಬೇಸಾಯ ಮುಗಿದ ಗದ್ದೆಯ ಬದು, ಕಂಗಿನ ತೋಟದ ನಡುವಿನ ದಾರಿ, ತೋಡಿನ ದಂಡೆ ಇವುಗಳಲ್ಲಿ ಏರಿಳಿತ ಕಡಿಮೆ, ನೆರಳು ಹೆಚ್ಚು. ಸುಸ್ತಾದರೆ ಪಕ್ಕದಲ್ಲೇ ಯಾರದಾದರೂ ಮನೆ. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬ ಕ್ರಮದಲ್ಲಿ ಅರ್ಧ ಗಂಟೆ ಸಾಕು. ಓಡುತ್ತಲೇ ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾದರೆ ವೇಗ ಸರಿಯಾಗಿದೆಯೆಂದು ಅರ್ಥ. ತೋಟದವರ ಅನುಮತಿ ಕೇಳುವುದು, ತಡಮೆ ದಾಟಿದ ಮೇಲೆ ದನ ನುಗ್ಗದಂತೆ ಅದನ್ನು ಮತ್ತೆ ಹಾಕುವುದು ಹೇಳಬೇಕಾದ ಮಾತಲ್ಲ. ಆದರೂ ಪಟ್ಟಣದಿಂದ ರಜೆಗೆ ಬಂದ ಮಕ್ಕಳಿಗಾಗಿ ಹೇಳುತ್ತಿದ್ದೇವೆ. ಮಳೆಗಾಲದಲ್ಲಿ ಮಾತ್ರ ಬೈಲು ಬೇಡ. ಕಾಲಿನಲ್ಲಿ ಗಾಯವಿದ್ದು ಗದ್ದೆಯ ಕಟ್ಟುನೀರಿನಲ್ಲಿ ಓಡಿದರೆ ಇಲಿಜ್ವರ ಅಂಟುವ ಭಯವಿದೆ. ಅಂಥ ನೀರಿನಲ್ಲಿ ಕಾಲಿಟ್ಟ ಮೇಲೆ ಜ್ವರ, ಮೀನಖಂಡದ ನೋವು ಕಾಣಿಸಿಕೊಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆರೋಗ್ಯ ಕೇಂದ್ರಕ್ಕೆ ಹೋಗಿ, ನೀರಿನಲ್ಲಿ ಓಡಿದ ಸಂಗತಿಯನ್ನು ತಪ್ಪದೆ ಹೇಳಬೇಕು.

ಕಡಲತಡಿಯವರಿಗೆ ಕುಂಬಳೆಯಲ್ಲೋ ಬೇಕಲದಲ್ಲೋ ಹೊಯಿಗೆಯ ಹಾದಿ ಇದ್ದೇ ಇದೆ. ಕೆಳದಿಯ ಶಿವಪ್ಪ ನಾಯಕನ ಕಾಲದ, ಹದಿನೇಳನೆಯ ಶತಮಾನದ ಬೇಕಲ ಕೋಟೆಯನ್ನು ನೋಡುತ್ತ ಪಳ್ಳಿಕ್ಕೆರೆಯ ತೀರದಲ್ಲಿ ಓಡುವ ಸುಖ ದೊಡ್ಡದೇ. ಆದರೆ ಒಣ ಹೊಯಿಗೆ ಕಾಲನ್ನು ನುಂಗುತ್ತದೆ. ನೀರಿಳಿದಾಗ ಗಟ್ಟಿಯಾಗುವ ಒದ್ದೆ ಪಟ್ಟಿಯ ಮೇಲೆಯೇ ಓಡಬೇಕು. ನೀರಿಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಈ ವಾರದ ವೇಳೆ ಮುಂದಿನ ವಾರಕ್ಕೆ ಹೊಂದದು. ತೀರ ಕಡಲಿನತ್ತ ವಾಲಿರುವ ಕಾರಣ ಒಂದು ಕಾಲಿಗೆ ಹೆಚ್ಚು ಆಯಾಸ. ಹೋದಷ್ಟೇ ದೂರ ಹಿಂದಕ್ಕೆ ಬಂದರೆ ಎರಡಕ್ಕೂ ಸಮನಾಗುತ್ತದೆ. ಕಳ್ಳಕಡಲಿನ ಮುನ್ನೆಚ್ಚರಿಕೆ ಇದ್ದ ದಿನ ತೀರದ ಹತ್ತಿರ ಸುಳಿಯಕೂಡದು.

ಬೈಲಿನಲ್ಲಿ ಆರು ವಾರ ಕಾಲು ಪಳಗಿದವರು ಪದವನ್ನೇರಬಹುದು. ನಮ್ಮ ನಾಡಿನ ಚೆಲುವೆಲ್ಲ ಪದವಿನಲ್ಲಿದೆಯೆಂದರೆ ಬೈಲಿನವರು ಕೋಪಿಸಿಕೊಂಡಾರು. ಆದರೂ ಹಾಗೆಂದೇ ನಮ್ಮ ಅಭಿಪ್ರಾಯ. ಪುಸ್ತಕದಲ್ಲಿ ಜಂಬಿಟ್ಟಿಗೆಯೆಂದೂ ನಮ್ಮವರ ಬಾಯಲ್ಲಿ ಮುರಕಲ್ಲೆಂದೂ ಕರೆಯುವ ಕೆಂಪು ಹಾಸುಗಲ್ಲು, ಬೇಸಗೆಯಲ್ಲಿ ಕಾದ ಹೆಂಚಿನಂತಿದ್ದು, ಮಳೆ ಬಿಡುವು ಕೊಡುವ ಹೊತ್ತಿಗೆ ಹುಲ್ಲು, ಪುಟ್ಟ ನೀಲಿ ಬಿಳಿ ಹೂಗಳಿಂದ ತುಂಬುತ್ತದೆ. ಕುಂಬಳೆಯ ಬಳಿಯ ಅನಂತಪುರದ ಸರೋವರ ದೇವಾಲಯವಿರುವುದು ಇಂಥ ಪದವಿನ ಮಡಿಲಲ್ಲಿ. 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೊಸಳೆ ಬಬಿಯಾನನ್ನು ನೋಡಲು ಬರುತ್ತಿದ್ದವರಲ್ಲಿ ಎಷ್ಟು ಮಂದಿ ಸುತ್ತಲಿನ ಪದವಿನ ಮೇಲೆ ಕಣ್ಣು ಹಾಯಿಸಿದ್ದರೋ! ಇನ್ನಷ್ಟು ಏರು ಬಯಸುವವರಿಗೆ ಪತ್ರ ಬರೆದ ಸೋದರಿಯ ಊರ ಕಡೆಯಲ್ಲೇ ಪೊಸಡಿಗುಂಪೆ ಇದೆ. ಸಮುದ್ರಮಟ್ಟದಿಂದ ಸಾವಿರ ಅಡಿಗೆ ತುಸು ಮಿಕ್ಕಿದ ಎತ್ತರ. ನಿರ್ಮಲವಾದ ಬೆಳಗಿನಲ್ಲಿ ಪಡುವಣಕ್ಕೆ ಅರಬಿ ಸಮುದ್ರ, ಮೂಡಣಕ್ಕೆ ಘಟ್ಟದ ಸಾಲು. ವಾಹನ ಹತ್ತಿರದವರೆಗೆ ಹೋಗುತ್ತದೆ; ಓಡುವವರು ಬುಡದಲ್ಲಿ, ಧರ್ಮತ್ತಡ್ಕದ ಕಡೆಯಲ್ಲಿ ಇಳಿಯುವುದು ಒಳ್ಳೆಯದು. ಕಡಿದಾದ ಏರನ್ನು ನುರಿತವರೂ ನಡೆದೇ ಹತ್ತುತ್ತಾರೆ, ಇದರಲ್ಲಿ ನಾಚಿಕೆಪಡುವಂಥದೇನಿಲ್ಲ.

ಪದವಿನ ಅಪಾಯಗಳನ್ನು ತುಸು ವಿವರವಾಗಿಯೇ ಹೇಳಬೇಕು. ಕಲ್ಲು ತೆಗೆದು ಕೈಬಿಟ್ಟ ಕೋರೆಗಳು ಮೊದಲನೆಯವು. ಆವರಣವಿಲ್ಲದ, ನೇರ ಗೋಡೆಯ ಈ ಹೊಂಡಗಳು ಮಳೆಗಾಲದಲ್ಲಿ ತುಂಬಿ ಕೆರೆಯಂತೆ ಕಾಣುತ್ತವೆ. ಬಿದ್ದವನು ಹತ್ತಿ ಬರಲು ಹಿಡಿತವಿಲ್ಲ. ಮುಳಿಹುಲ್ಲು ಎತ್ತರಕ್ಕೆ ಬೆಳೆದಾಗ ಅಂಚೂ ಕಾಣಿಸುವುದಿಲ್ಲ. ಆದ್ದರಿಂದ ಮಬ್ಬಿನಲ್ಲಿ ಪದವಿನ ಮೇಲೆ ಓಟ ಸಲ್ಲ. ಎರಡನೆಯದು ಪಾಚಿ ಹಿಡಿದ ಹಾಸುಗಲ್ಲು. ಅದರ ಮೇಲೆ ಬೆಲೆಬಾಳುವ ಬೂಟೂ ನಿಲ್ಲದು. ಮೂರನೆಯದು ಸಿಡಿಲು. ತುಲಾ ತಿಂಗಳಲ್ಲೂ ಬೇಸಗೆಯ ಮಳೆಯಲ್ಲೂ ಮಧ್ಯಾಹ್ನ ಎರಡರ ಅನಂತರ ಬಯಲು ಪದವಿನಲ್ಲಿ ನಿಂತವನೇ ಎಲ್ಲಕ್ಕಿಂತ ಎತ್ತರದ ವಸ್ತು. ಆ ತಿಂಗಳುಗಳಲ್ಲಿ ಬೆಳಗ್ಗೆಯೇ ಓಡಿ, ಬೆಳಗ್ಗೆಯೇ ಇಳಿಯತಕ್ಕದ್ದು. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಬೆನ್ನು ತೋರಿಸದೆ ಮೆಲ್ಲನೆ ಹಿಂದೆ ಸರಿಯಬೇಕು.

ಪದವಿನ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ಇದೇ ಪದವುಗಳ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ, 2000ದವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯೇ ಮೊದಲಾದ ಊರುಗಳಲ್ಲಿ ಓಡುವುದಿರಲಿ, ಎದ್ದು ನಿಲ್ಲಲಾರದ ಮಕ್ಕಳಿದ್ದಾರೆ. ಓಟದ ಮಟ್ಟಗಳನ್ನು ಹೇಳುವಾಗ ಅವರನ್ನು ಲೆಕ್ಕದಿಂದ ಬಿಡುವುದು ನಮಗೊಪ್ಪದು. ನಮ್ಮ ಶಾಲೆಯಲ್ಲಿ ಪದವಿನ ಓಟವಿದ್ದ ದಿನ ನಡೆಯಲಾರದ ಒಬ್ಬ ಹುಡುಗನನ್ನು ಜೀಪಿನಲ್ಲಿ ಮೇಲಕ್ಕೆ ಕರೆತರುತ್ತೇವೆ. ಗಡಿಯಾರ ಹಿಡಿಯುವವನು ಅವನೇ. ಅವನು ಹೇಳಿದ ವೇಳೆಯನ್ನು ಪ್ರಶ್ನಿಸುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ. ವಾಹನ ಹೋಗಬಲ್ಲ ಸಮತಟ್ಟಾದ ಒಂದು ತಾಣ ದಾರಿಯಲ್ಲಿರಬೇಕೆಂಬುದನ್ನೂ ಆಯ್ಕೆಯ ನಿಯಮಗಳಲ್ಲಿ ಸೇರಿಸಿಕೊಂಡಿದ್ದೇವೆ.

ಮೂರನೆಯ ಮಟ್ಟದ ಕುರಿತು ಹೆಚ್ಚು ಬರೆಯಬೇಕಾಗಿಲ್ಲ. ಆ ಮಟ್ಟದವರು ನಮ್ಮ ಅಂಕಣ ಓದಿ ಓಡುವವರಲ್ಲ. ಹೊಸದುರ್ಗದಿಂದ ಪಾಣತ್ತೂರಿನ ಹಾದಿಯಲ್ಲಿ ಹೋಗಿ ಸೇರುವ ರಾಣಿಪುರಂ, ಹಳೆಯ ಹೆಸರಿನಲ್ಲಿ ಮಾಡತ್ತುಮಲೆ, ನಮ್ಮ ಜಿಲ್ಲೆಯ ಹೆಸರಾಂತ ಏರು. ಬುಡವೇ ಸುಮಾರು 750 ಮೀಟರ್ ಎತ್ತರದಲ್ಲಿದ್ದು, ಕಾಡು ದಾಟಿ ಹುಲ್ಲುಗಾವಲಿನ ತುದಿ ಮುಟ್ಟುವಾಗ ಸಾವಿರದ ಆಸುಪಾಸಿಗೆ ಬರುತ್ತೇವೆ. ದೂರ ಒಂದು ಕಡೆಗೆ ಎರಡೂವರೆ ಕಿ.ಮೀ.ಯಷ್ಟೇ, ಮೇಲಿನ ಲೆಕ್ಕದಂತೆ ಹೋಗಿಬರಲು ಸುಮಾರು 8 ಕಿ.ಮೀ. ಸಮ. ಇದು ಅರಣ್ಯ ಇಲಾಖೆಯ ಅಧೀನದ ಜಾಗ. ಟಿಕೆಟು ಪಡೆದೇ ಹೋಗಬೇಕು, ಆನೆಯ ಸುಳಿವಿದ್ದಾಗ ಪ್ರವೇಶ ನಿಲ್ಲಿಸುವುದೂ ಉಂಟು. ಕಾಡಿನ ಭಾಗದಲ್ಲಿ ಓಟ ಬೇಡವೆಂಬುದು ನಮ್ಮ ಸ್ಪಷ್ಟ ಅಭಿಮತ. ಸದ್ದಿಲ್ಲದೆ ವೇಗವಾಗಿ ಬರುವವನು ತಿರುವಿನಲ್ಲಿ ಆನೆಗೆ ಎದುರಾದರೆ ಇಬ್ಬರಿಗೂ ಗಾಬರಿ. ಮಳೆಗಾಲದ ಉಂಬುಳುಗಳಿಗೆ ಸುಣ್ಣವೋ ಉಪ್ಪೋ ಜತೆಯಲ್ಲಿರಲಿ.

ಇನ್ನು ಯಜಮಾನರ ಮೆಟ್ಟಿಲ ಸಮಸ್ಯೆ. ಅದು ಏರಿನಿಂದ ಬಂದುದಲ್ಲ, ಇಳಿತದಿಂದ. ಇಳಿಯುವಾಗ ತೊಡೆಯ ಸ್ನಾಯುಗಳು ಮೈಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುತ್ತದೆ. ರೂಢಿಯಿಲ್ಲದ ಸ್ನಾಯುವಿಗೆ ಅದೇ ಪೆಟ್ಟು, ನೋವು ಬಲಿಯುವುದು ಒಂದೆರಡು ದಿನಗಳ ಅನಂತರ. ಹೆಜ್ಜೆಗಳನ್ನು ಚಿಕ್ಕದಾಗಿ, ಬೇಗಬೇಗನೆ ಇಟ್ಟು, ಮೊಣಕಾಲನ್ನು ತುಸು ಬಾಗಿಸಿ ಇಳಿದರೆ ಹೊರೆ ಕಡಿಮೆ. ಅವರು ಮೂರು ತಿಂಗಳು ಬೈಲಿನಲ್ಲೇ ಇರಲಿ. ಸಕ್ಕರೆ ಕಾಯಿಲೆಗೆ ಮದ್ದು ಸೇವಿಸುವವರಾದ್ದರಿಂದ ವೈದ್ಯರನ್ನು ಕೇಳಿಯೇ ಮೊದಲಿಡಬೇಕು, ಜೇಬಿನಲ್ಲಿ ಬೆಲ್ಲದ ತುಂಡೊಂದಿರಬೇಕು, ಮನೆಗೆ ಬಂದೊಡನೆ ಪಾದಗಳಲ್ಲಿ ಗಾಯವಿದೆಯೇ ಎಂದು ನೋಡಿಕೊಳ್ಳಬೇಕು. ಮಗ ತಂದೆಯ ವೇಗದಲ್ಲಿ ವಾರಕ್ಕೊಂದು ದಿನವಾದರೂ ಓಡಲಿ.

ಮಗಳನ್ನು ಗುಡ್ಡೆಗೆ ಕಳುಹಿಸಬೇಕೇ ಎಂದು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದಾರೆ. ಖಂಡಿತ ಕಳುಹಿಸಬೇಕು, ಆದರೆ ಜತೆಗೆ ಇಬ್ಬರು ಗೆಳತಿಯರಿರಲಿ. ಒಬ್ಬಳ ಕಾಲು ಉಳುಕಿದರೆ ಒಬ್ಬಳು ಬಳಿಯಲ್ಲಿರಲು, ಇನ್ನೊಬ್ಬಳು ಜನರನ್ನು ಕರೆಯಲು. ಹೊರಡುವ ಮೊದಲು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಲಿ. ಬರೆಯುವಾಗ ಮೊಬೈಲು ನಕ್ಷೆಯಲ್ಲಿ ಕಾಣುವ ಹೆಸರು ಬೇಡ. ಅಜ್ಜಿಯನ್ನು ಕೇಳಿ ಆ ಮಜಲಿನ, ಆ ಕಟ್ಟದ, ಆ ಪದವಿನ ಮನೆಮಾತಿನ ಹೆಸರನ್ನೇ ಬರೆಯಲಿ. ಹುಡುಕಲು ಹೊರಡುವ ಊರವರಿಗೆ ಗೊತ್ತಿರುವುದು ಆ ಹೆಸರೇ.