ಚಿತ್ರಕಾರನ ಶ್ರದ್ಧೆ

ವಿದ್ಯಾರ್ಥಿಗಳ ಪ್ರಗತಿಪತ್ರಕದಲ್ಲಿ ಶಿಕ್ಷಕರು ಬರೆಯುವ ಮಾತುಗಳಲ್ಲಿ 'ಅಭ್ಯಾಸದಲ್ಲಿ ಶ್ರದ್ಧೆ ಸಾಲದು' ಎಂಬುದು ಬಹು ಹಳೆಯದು. ನಾವೂ ಅದನ್ನು ಎಷ್ಟೋ ಸಲ ಬರೆದಿರುವೆವು. ಅದೇ ಶಬ್ದವನ್ನು ಮನೆಯ ಹಿರಿಯರು ದೇವರ ಪೂಜೆಯ ಸಂದರ್ಭದಲ್ಲಿಯೂ ಬಳಸುವರು. ಶ್ರದ್ಧೆಯಿಂದ ದೀಪ ಹಚ್ಚೆಂದು ಹೇಳುವರು. ಬೀಜಗಣಿತದ ಲೆಕ್ಕಕ್ಕೂ ದೇವರ ದೀಪಕ್ಕೂ ಒಂದೇ ಶಬ್ದ ಸಲ್ಲುವುದು ನುಡಿಯ ಬಡತನವೆಂದು ಕೆಲವರಿಗೆ ತೋರಬಹುದು. ನಮಗೆ ಅದು ನುಡಿಯ ಭಾಗ್ಯವೆಂದೇ ತೋರುತ್ತದೆ. ಕೆಲಸದ ಮೇಲಿನ ನಿಷ್ಠೆ ಎಲ್ಲಿ ಮುಗಿಯಿತು, ದೈವದ ಮೇಲಿನ ನಂಬಿಕೆ ಎಲ್ಲಿ ಮೊದಲಾಯಿತು ಎಂದು ಗೆರೆಯೆಳೆಯಲು ಬಾರದ ಸ್ಥಳಗಳುಂಟು. ಚಿತ್ರಕಾರನು ಒಬ್ಬನೇ ಕುಳಿತು ದುಡಿಯುವ ಚಿತ್ರಶಾಲೆ ಅಂತಹ ಒಂದು ಸ್ಥಳ.

ವಾರ್ಷಿಕ ಸಂಚಿಕೆಯಲ್ಲಿ ಈ ವಿಷಯವನ್ನು ಎತ್ತಲು ಕಾರಣವಿಲ್ಲದಿಲ್ಲ. ಪರೀಕ್ಷೆ ಸಮೀಪಿಸಿತೆಂದರೆ ಶಾಲೆಗಳ ವೇಳಾಪತ್ರಿಕೆಯಿಂದ ಮೊದಲು ಮಾಯವಾಗುವುದು ಚಿತ್ರಕಲೆಯ ತಾಸು. ಗಣಿತಕ್ಕೆ ಬೇಕು, ವಿಜ್ಞಾನಕ್ಕೆ ಬೇಕು ಎಂದು ಅದನ್ನು ಒಯ್ಯುವರು. ಹಿಂದಿರುಗಿಸಿದವರನ್ನು ನಾವು ಕಂಡಿಲ್ಲ. ಪಾಲಕರಿಗೂ ಅದರಿಂದ ಸಮಾಧಾನವೇ. ಇನ್ನು ಚಿತ್ರ ಬಿಡಿಸುವ ಮಕ್ಕಳಲ್ಲಿಯೂ ಬಹುಮಂದಿಯ ಕಣ್ಣು ಸರಕಾರದ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಪರೀಕ್ಷೆಗಳ ಮೇಲೆ. ಹತ್ತನೆಯ ಇಯತ್ತೆಯಲ್ಲಿ ದೊರೆಯುವ ಹೆಚ್ಚಿನ ಅಂಕಗಳ ಮೇಲೆ. ಅಂಕ ದೊರೆತರೆ ಬೇಡವೆನ್ನುವವರು ಯಾರು? ಆದರೆ ಅಂಕಕ್ಕಾಗಿ ಕುಂಚ ಹಿಡಿದ ಕೈ ಅಂಕ ಬಂದ ಮರುದಿನ ಕುಂಚವನ್ನು ಕೆಳಗಿಡುತ್ತದೆ. ಆ ತಾಸಿನಲ್ಲಿ ಕಲಿಯತಕ್ಕದ್ದು ಬೇರೆ ಏನೋ ಇದೆಯೆಂಬುದನ್ನು ತೋರಿಸಲು ನಾವು ಚಿತ್ರಕಾರ ಸೈಯದ್ ಹೈದರ್ ರಜಾ ಅವರ ಬಾಳನ್ನು ಆರಿಸಿಕೊಂಡಿದ್ದೇವೆ.

ರಜಾ ಅವರು ಜನಿಸಿದುದು 1922ರಲ್ಲಿ, ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಾಬರಿಯಾ ಎಂಬ ಹಳ್ಳಿಯಲ್ಲಿ. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಸುತ್ತಲೂ ದಟ್ಟವಾದ ಕಾಡು, ಅನತಿದೂರದಲ್ಲಿ ನರ್ಮದೆ. ಹುಡುಗನಿಗೆ ಪಾಠದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಇಂತಹ ಹುಡುಗರು ಪ್ರತಿಯೊಂದು ವರ್ಗದಲ್ಲಿಯೂ ಇಬ್ಬರು ಮೂವರಾದರೂ ಇರುವರು. ಓದುತ್ತಿರುವವರಲ್ಲಿ ಕೆಲವರಿಗೆ ಈ ವರ್ಣನೆ ತಮ್ಮದೇ ಎಂದು ತೋರಿದರೆ ನಮ್ಮ ಆಕ್ಷೇಪವಿಲ್ಲ. ಶಾಲೆಯ ಮುಖ್ಯಾಧ್ಯಾಪಕರಾದ ನಂದಲಾಲ್ ಝಾರಿಯಾ ಅವರು ಬೆತ್ತ ಹಿಡಿಯಲಿಲ್ಲ. ಗೋಡೆಯ ಮೇಲೆ ಒಂದು ಚುಕ್ಕೆಯನ್ನಿಟ್ಟು, ಅದನ್ನೇ ನೋಡುತ್ತ ಕುಳಿತಿರುವಂತೆ ಹೇಳಿದರು. ಮೊದಲು ಕಾಲು ಸುಮ್ಮನಾಗಬೇಕು, ಆಮೇಲೆ ಕಣ್ಣು, ಕಟ್ಟಕಡೆಗೆ ಮನಸ್ಸು. ಆ ಚುಕ್ಕೆಯನ್ನು ತಾವು ಎಂದೂ ಮರೆಯಲಿಲ್ಲವೆಂದು ರಜಾ ಅವರು ವೃದ್ಧಾಪ್ಯದವರೆಗೂ ಹೇಳುತ್ತಿದ್ದರು. ಶಿಕ್ಷಕವೃತ್ತಿಯಲ್ಲಿರುವ ನಮಗೆ ಈ ಪ್ರಸಂಗದಿಂದ ಕೊಂಚ ಅಸೂಯೆಯೂ ಆಗುವುದುಂಟು. ಒಂದು ಚುಕ್ಕೆಯಿಂದ ಅಷ್ಟು ದೂರ ಹೋದ ಪಾಠ ಬೇರೆ ಯಾವುದಿದೆ?

ನಾಗಪುರದ ಕಲಾಶಾಲೆಯ ಬಳಿಕ 1943ರಲ್ಲಿ ಅವರು ಮುಂಬಯಿಗೆ ಬಂದರು. ಹಗಲು ಮುದ್ರಣದ ಬ್ಲಾಕುಗಳನ್ನು ಸಿದ್ಧಪಡಿಸುವ ಸಂಸ್ಥೆಯೊಂದರಲ್ಲಿ ಚಾಕರಿ. ಉಳಿದ ವೇಳೆಯಲ್ಲಿ ಸರ್ ಜೆ. ಜೆ. ಕಲಾಶಾಲೆಯ ಅಭ್ಯಾಸ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹಿರಿಯರ ಕಥೆಗಳನ್ನು ಕೇಳಿ ಬೆಳೆದ ಮುಂಬಯಿಯ ಕನ್ನಡ ಮಕ್ಕಳಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1947ರಲ್ಲಿ ಸೋಜಾ, ಆರಾ, ಹುಸೇನ್ ಮೊದಲಾದವರೊಡನೆ ಅವರು ಪ್ರಗತಿಶೀಲ ಕಲಾವಿದರ ಬಳಗವನ್ನು ಕಟ್ಟಿದರು. ಮರುವರ್ಷ ಕಾಶ್ಮೀರದಲ್ಲಿ ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ-ಬ್ರೆಸೋನ್ ಅವರ ಭೇಟಿಯಾಯಿತು. ರಜಾ ಅವರ ಚಿತ್ರಗಳನ್ನು ನೋಡಿದ ಅವರು, ಪ್ರತಿಭೆಯೇನೋ ಇದೆ, ಕಟ್ಟಡವಿಲ್ಲ, ಸೆಜಾನ್ ಎಂಬ ಚಿತ್ರಕಾರನನ್ನು ಅಭ್ಯಾಸಮಾಡಿರಿ ಎಂಬರ್ಥದ ಸಲಹೆ ಕೊಟ್ಟರು. ಹೊಗಳಿಕೆಯ ನಡುವೆ ಬಂದ ಇಂತಹ ಮಾತನ್ನು ಕಿವಿಗೆ ಹಾಕಿಕೊಳ್ಳುವವರು ವಿರಳ. ರಜಾ ಅವರು ಹಾಕಿಕೊಂಡರು. ಫ್ರೆಂಚ್ ಭಾಷೆಯನ್ನು ಕಲಿತರು. 1950ರಲ್ಲಿ ವಿದ್ಯಾರ್ಥಿವೇತನ ಪಡೆದು ಪ್ಯಾರಿಸಿಗೆ ತೆರಳಿದರು. 1956ರಲ್ಲಿ ಅಲ್ಲಿಯ ವಿಮರ್ಶಕರ ಪ್ರಶಸ್ತಿ ಅವರಿಗೆ ದೊರೆಯಿತು. ಫ್ರೆಂಚರಲ್ಲದವರೊಬ್ಬರಿಗೆ ಆ ಮನ್ನಣೆ ಸಂದುದು ಅದೇ ಮೊದಲು.

ಅಲ್ಲಿಗೇ ತೃಪ್ತರಾಗಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಫ್ರಾನ್ಸಿನ ಹಳ್ಳಿಗಳು, ಇಗರ್ಜಿಗಳು, ಬೆಟ್ಟದ ಮೇಲಿನ ಮನೆಗಳು, ಇವುಗಳ ಚಿತ್ರಗಳಿಗೆ ಬೇಡಿಕೆಯಿತ್ತು. ಆದರೂ ಇದರಲ್ಲಿ ತನ್ನದು ಯಾವುದು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಮತ್ತೆ ಮತ್ತೆ ಭಾರತಕ್ಕೆ ಬಂದು ಸಂಚರಿಸಿದರು. ಸುಮಾರು 1980ರ ಹೊತ್ತಿಗೆ ಅವರ ಚಿತ್ರಪಟದ ನಡುವೆ ಒಂದು ದೊಡ್ಡ ಕಪ್ಪು ವೃತ್ತ ನೆಲೆಗೊಂಡಿತು. ಅದನ್ನು ಅವರು ಬಿಂದುವೆಂದು ಕರೆದರು. ಗೋಡೆಯ ಮೇಲಿನ ಚುಕ್ಕೆ ಚಿತ್ರಪಟಕ್ಕೆ ಬರಲು ಸುಮಾರು ಐವತ್ತು ವರ್ಷ ಹಿಡಿಯಿತು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಒಂದು ವೃತ್ತವನ್ನು ನಮ್ಮ ಹುಡುಗನೂ ಬರೆಯಬಲ್ಲ, ಇದಕ್ಕೆ ಕೋಟಿ ಕೋಟಿ ಬೆಲೆಯೆ? ರಜಾ ಅವರ 1989ರ ಒಂದು ಚಿತ್ರ 2023ರ ಹರಾಜಿನಲ್ಲಿ 51.75 ಕೋಟಿ ರೂಪಾಯಿಗಳಿಗೆ ಹೋಯಿತೆಂಬುದು ನಿಜ. ಬೆಲೆಯ ಮಾತನ್ನು ನಾವು ವ್ಯಾಪಾರಿಗಳಿಗೆ ಬಿಡುವೆವು. ಅದರಿಂದ ಚಿತ್ರದ ಯೋಗ್ಯತೆ ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ. ಹುಡುಗನು ವೃತ್ತವನ್ನು ಬರೆಯಬಲ್ಲನೆಂಬುದೂ ಸತ್ಯವೇ. ಆದರೆ ನಾಳೆ ಅದೇ ವೃತ್ತವನ್ನು ಇನ್ನೊಮ್ಮೆ ಬರೆ, ನಾಡಿದ್ದು ಇನ್ನೊಮ್ಮೆ, ಸುತ್ತಲಿನ ಕೆಂಪು ಇಂದು ಏಕೆ ಮಂಕಾಯಿತೆಂದು ಯೋಚಿಸು, ಮುಂದಿನ ವರ್ಷವೂ ಇದನ್ನೇ ಮಾಡು ಎಂದರೆ ಎಷ್ಟು ಮಂದಿ ಕುಳಿತಾರು? ರಜಾ ಅವರು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಕುಳಿತರು. ಜಪಮಾಲೆಯ ಮಣಿಗಳೆಲ್ಲ ಒಂದೇ ಬಗೆಯವೆಂದು ಜಪಮಾಡುವವರನ್ನು ಯಾರೂ ಹಾಸ್ಯಮಾಡುವುದಿಲ್ಲವಷ್ಟೆ.

ಜಪದ ಹೋಲಿಕೆಯನ್ನು ತಂದ ಮೇಲೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಮಣಿ ತಿರುಗುತ್ತಿದ್ದರೂ ಮನಸ್ಸು ಪೇಟೆಗೆ ಹೋಗಿರುವುದುಂಟು. ರಜಾ ಅವರ ಕೊನೆಯ ವರ್ಷಗಳ ಕೆಲವು ಚಿತ್ರಗಳು ನಮಗೆ ಹಾಗೆಯೇ ಕಂಡಿವೆ. ಅಲ್ಲಿ ಕೈಯ ರೂಢಿಯಿದೆ, ತವಕವಿಲ್ಲ. ದೊಡ್ಡವರ ಕೃತಿಯೆಂದ ಮಾತ್ರಕ್ಕೆ ಎಲ್ಲವನ್ನೂ ಕಣ್ಣುಮುಚ್ಚಿ ಮೆಚ್ಚುವುದು ಶ್ರದ್ಧೆಯಲ್ಲ, ಸೋಮಾರಿತನ. 2009ರಲ್ಲಿ ದಿಲ್ಲಿಯಲ್ಲಿ ಒಂದು ವಿಚಿತ್ರ ನಡೆಯಿತು. ತಮ್ಮ ಹಳೆಯ ಚಿತ್ರಗಳ ಪ್ರದರ್ಶನವೊಂದಕ್ಕೆ ಹೋದ ರಜಾ ಅವರು, ಗೋಡೆಯ ಮೇಲಿರುವ ಅನೇಕ ಚಿತ್ರಗಳು ತಮ್ಮವೇ ಅಲ್ಲ, ನಕಲಿ ಎಂದು ಕಂಡುಕೊಂಡರು. ಅಲ್ಲಿ ನೆರೆದವರಲ್ಲಿ ಎಷ್ಟು ಮಂದಿ ಅವುಗಳ ಮುಂದೆ ನಿಂತು ತಲೆದೂಗಿದ್ದರೋ!

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಹಿಂದಿನ ಕಲೆ ದೇವರಿಗೆ ಮುಡಿಪಾಗಿತ್ತು, ಇಂದಿನ ಕಲೆಯಲ್ಲಿ ದೇವರಿಲ್ಲ ಎಂಬುದು. ಬೇಲೂರು ಹಳೇಬೀಡುಗಳನ್ನು ಕಂಡ ಕನ್ನಡಿಗರಿಗೆ ಈ ಮಾತು ಬೇಗ ನಾಟುತ್ತದೆ. ಇಂದಿನ ಪ್ರದರ್ಶನಗಳಲ್ಲಿ ಹುರುಳಿಲ್ಲದ ಸೋಗು ಸಾಕಷ್ಟಿದೆಯೆಂಬುದನ್ನು ನಾವೂ ಒಪ್ಪುವೆವು. ಆದರೆ ದೇವರ ಚಿತ್ರವನ್ನು ಬರೆದವರೆಲ್ಲ ಭಕ್ತರೂ ಅಲ್ಲ, ಬರೆಯದವರೆಲ್ಲ ನಾಸ್ತಿಕರೂ ಅಲ್ಲ. ಕ್ಯಾಲೆಂಡರಿನ ದೇವರನ್ನು ಗಿರಾಕಿಯ ಬೇಡಿಕೆಯಂತೆ ಬಿಡಿಸಿಕೊಡುವವರೂ ಇದ್ದಾರೆ. ರಜಾ ಅವರು ಮುಸಲ್ಮಾನರ ಮನೆಯಲ್ಲಿ ಹುಟ್ಟಿದರು. ಹಿಂದೂ ಗುರುಗಳಿಂದ ಏಕಾಗ್ರತೆ ಕಲಿತರು. ಕ್ರೈಸ್ತರ ನಾಡಿನಲ್ಲಿ ಅರುವತ್ತು ವರ್ಷ ಬಾಳಿದರು. ಮಸೀದಿ, ಮಂದಿರ, ಇಗರ್ಜಿ ಮೂರೂ ಅವರಿಗೆ ಪ್ರಾರ್ಥನೆಯ ಸ್ಥಳಗಳಾಗಿದ್ದವು. ದೇಶ ಒಡೆದಾಗ ಒಡಹುಟ್ಟಿದವರು ಪಾಕಿಸ್ತಾನಕ್ಕೆ ಹೋದರು, ಇವರು ಹೋಗಲಿಲ್ಲ. ಬಿಂದು, ಪಂಚತತ್ತ್ವ, ಪ್ರಕೃತಿ, ಪುರುಷ ಎಂಬ ಹೆಸರುಗಳು ಅವರ ಚಿತ್ರಗಳಲ್ಲಿ ಬಂದುದು ಯಾವ ಮತದ ಪ್ರಚಾರಕ್ಕಾಗಿಯೂ ಅಲ್ಲ. ತಾವು ಬೆಳೆದ ನೆಲದ ಶಬ್ದಗಳು ಅವು. ಪರದೇಶದಲ್ಲಿ ಕುಳಿತು 1981ರಲ್ಲಿ ಬರೆದ 'ಮಾ' ಎಂಬ ಚಿತ್ರದಲ್ಲಿ ಅವರು ನಾಗರಿ ಅಕ್ಷರಗಳಲ್ಲಿ ಹಿಂದಿಯ ಕವಿತೆಯ ಸಾಲೊಂದನ್ನು ಸೇರಿಸಿದರು. ಅಲ್ಲಿಯ ಎಷ್ಟು ನೋಡುಗರಿಗೆ ಆ ಲಿಪಿ ಓದಲು ಬರುತ್ತಿತ್ತು? ಆದರೂ ಬರೆದರು. ಮನೆಯಲ್ಲೊಂದು, ಬೀದಿಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯಾಡುವ ನಮ್ಮ ವಿದ್ಯಾರ್ಥಿಗಳು ಈ ಚಿತ್ರದ ಮುಂದೆ ಬೇರೆಯವರಿಗಿಂತ ತುಸು ಹೆಚ್ಚು ಹೊತ್ತು ನಿಲ್ಲುವರೆಂದು ನಮ್ಮ ಊಹೆ.

ಅದೇ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದ ಕನ್ನಡನಾಡಿನ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರನ್ನು ಇಲ್ಲಿ ನೆನೆಯದಿರುವುದು ಸಲ್ಲದು. ಉಡುಪಿಯ ಬಳಿಯ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಅವರು ಮುಂಬಯಿಯನ್ನೇ ಮನೆಯಾಗಿಸಿಕೊಂಡು 1996ರಲ್ಲಿ ಇಲ್ಲಿಯೇ ತೀರಿಕೊಂಡರು. ಲಯವೆಂದರೇನೆಂದು ರೇಖೆಗೆ ತಿಳಿಯಬೇಕಾದರೆ ಮೊದಲು ಮೈಗೆ ತಿಳಿಯಬೇಕೆಂದು ಅವರು ಕಥಕ್ ನೃತ್ಯವನ್ನು ಅಭ್ಯಾಸಮಾಡಿದರು. ಹೆಸರಾಂತ ಚಿತ್ರಕಾರರೊಬ್ಬರು ಕಾಲಿಗೆ ಗೆಜ್ಜೆ ಕಟ್ಟಿ ತಾಳ ಕಲಿಯುವುದನ್ನು ಕಲ್ಪಿಸಿಕೊಳ್ಳಿರಿ. ಹಾಡುವ ರೇಖೆಯೆಂದು ಹೆಸರಾದ ಅವರ ರೇಖಾಚಿತ್ರಗಳಲ್ಲಿ ಕುಣಿಯುವವನ ಮೈ ಎರಡೋ ಮೂರೋ ಗೆರೆಗಳಲ್ಲಿ ಎದ್ದು ನಿಲ್ಲುತ್ತದೆ. ಆ ಗೆರೆಗಳ ಹಿಂದೆ ಈ ದುಡಿತವಿದೆ. ಹೆಬ್ಬಾರರು ಶ್ರದ್ಧೆಯೆಂಬ ಶಬ್ದವನ್ನು ಯಾವ ಅರ್ಥದಲ್ಲಿ ಬಳಸುತ್ತಿದ್ದರೋ, ಎರಡು ಅರ್ಥಗಳೂ ಅವರಿಗೆ ಒಪ್ಪುತ್ತವೆ.

ರಜಾ ಅವರು 2010ರ ಕೊನೆಗೆ ಭಾರತಕ್ಕೆ ಮರಳಿದರು. ತೊಂಬತ್ತು ದಾಟಿದ ಮೇಲೆಯೂ ಕುಂಚವನ್ನು ಬಿಡಲಿಲ್ಲ. 2016ರ ಜುಲೈ 23ರಂದು ದಿಲ್ಲಿಯಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಮಂಡ್ಲಾದಲ್ಲಿ ತಂದೆಯ ಗೋರಿಯ ಪಕ್ಕದಲ್ಲಿ ಅವರನ್ನು ಮಣ್ಣುಮಾಡಿದರು.

ಈ ಚಿತ್ರಗಳ ಮುಂದೆ ಮೊದಲೇ 'ಇದೇನು?' ಎಂದು ಕೇಳುವ ಅವಸರ ಬೇಡ. ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿರಿ. ಯಾವ ಬಣ್ಣ ಮುಂದೆ ಬರುತ್ತದೆ, ಯಾವುದು ಹಿಂದೆ ಸರಿಯುತ್ತದೆ ಎಂದು ನೋಡಿರಿ. ಆಮೇಲೆ ಮೆಚ್ಚಿರಿ ಇಲ್ಲವೆ ತೆಗಳಿರಿ. ಇದಕ್ಕೆ ಹಣವೂ ಬೇಕಾಗಿಲ್ಲ. ಕಾಲಾ ಘೋಡಾದಲ್ಲಿ 1952ರಿಂದ ನಡೆದುಬಂದಿರುವ ಜಹಾಂಗೀರ್ ಕಲಾಮಂದಿರಕ್ಕೆ ಪ್ರವೇಶಧನವಿಲ್ಲ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ನಿಲ್ದಾಣದಿಂದ ನಡೆದೇ ಹೋಗಬಹುದು.

ನಮ್ಮ ಸಹೋದ್ಯೋಗಿಗಳಲ್ಲಿಯೂ ಒಂದು ಬೇಡಿಕೆಯುಂಟು. ಮುಂದಿನ ವರ್ಷ ಗಣಿತಕ್ಕೆ ತಾಸು ಸಾಲದಾದಾಗ ಚಿತ್ರಕಲೆಯ ತಾಸನ್ನು ಮುಟ್ಟದಿರಲಿ. ಬೇಕಾದರೆ ನಮ್ಮ ಕನ್ನಡದ ತಾಸಿನಲ್ಲಿ ವಾರಕ್ಕೊಂದನ್ನು ಕೇಳಲಿ, ಕೊಡುವೆವು. ಮಳೆಗಾಲ ಮುಗಿದ ಮೇಲೆ ಎಂಟನೆಯ ಮತ್ತು ಒಂಬತ್ತನೆಯ ಇಯತ್ತೆಯವರನ್ನು ಒಂದು ಶನಿವಾರ ಜಹಾಂಗೀರಿಗೆ ಕರೆದೊಯ್ಯುವ ವಿಚಾರವೂ ಇದೆ. ಪಾಲಕರ ಒಪ್ಪಿಗೆಯ ಪತ್ರವನ್ನು ತರುವ ಹೊಣೆ ವಿದ್ಯಾರ್ಥಿಗಳದು.