ಮೀನಿನ ಕಿವಿರು ಎತ್ತಿ ನೋಡುವವರು ಡಿಸ್ಕಿನದ್ದು ಯಾಕೆ ನೋಡಲ್ಲ?

ಮುಂಬೈಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ನಮ್ಮೂರ ಕಡೆಯವರು ಯಾರೂ ಕಿವಿರು ಎತ್ತಿ ನೋಡದೆ ಬಂಗುಡೆ ಕೊಂಡದ್ದನ್ನು ನಾನು ಕಂಡಿಲ್ಲ. ಮಾರುವವಳು "ಏಕ್‌ದಮ್ ತಾಜಾ" ಅಂತ ನೂರು ಸಲ ಅನ್ನಲಿ, ಕೆಂಪಗಿದ್ದರೆ ಮಾತ್ರ ಚೀಲಕ್ಕೆ. ಅದೇ ಜನ ಸಾವಿರಗಟ್ಟಲೆ ಕೊಟ್ಟು ಎಸ್‌ಎಸ್‌ಡಿ ತರುವಾಗ ಮಾತ್ರ ಅಂಗಡಿಯವನ ಮಾತೇ ವೇದವಾಕ್ಯ. ನಾನೂ ಅದೇ ಗುಂಪಿನವನು, ಕಳೆದ ಮಳೆಗಾಲದವರೆಗೆ.

ಅಪ್ಪನ ಭಾಗವತಿಕೆಯ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಇಡೋಣ ಅಂತ ಒಂದು ಎಸ್‌ಎಸ್‌ಡಿ ತಂದೆ. ಅಂಗಡಿಯ ಹೆಸರು ಬೇಡ ಬಿಡಿ. ಸೀಲ್ ಇತ್ತು, ಬಿಲ್ ಇತ್ತು. ಮನೆಯಲ್ಲಿ ಮಗಳು ಕಪ್ಪು ಪರದೆ ತೆರೆದು ಒಂದು ಸಾಲು ಟೈಪ್ ಮಾಡಿದಳು. 'ಪವರ್ ಆನ್ ಅವರ್ಸ್' 6,212. ಅಂದರೆ ಎಂಟೂವರೆ ತಿಂಗಳು ಹಗಲು ರಾತ್ರಿ ಎಲ್ಲೋ ದುಡಿದು ಬಂದ 'ಹೊಸ' ಡಿಸ್ಕು! ಮರುದಿನ ಆ ಪುಟವನ್ನು ಪ್ರಿಂಟ್ ಮಾಡಿಕೊಂಡು ಹೋದೆ. ವಾದ ಮಾಡಲು ಬಾಯಿ ತೆರೆದವನು ಕಾಗದ ನೋಡಿ ಮುಚ್ಚಿಕೊಂಡು ಬೇರೆ ಕೊಟ್ಟ.

ಆ ಸಾಲು ಬಹಳ ಸಣ್ಣದು: ಸುಡೋ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎನ್‌ವಿಎಂಇ0. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಬೇಕು, ಅಷ್ಟೆ. ನಿಮ್ಮ ಡಿಸ್ಕಿನ ಹೆಸರು ಬೇರೆ ಇದ್ದರೆ 'ಸ್ಮಾರ್ಟ್‌ಸಿಟಿಎಲ್ --ಸ್ಕ್ಯಾನ್' ಅಂದರೆ ಅದೇ ಹೇಳುತ್ತದೆ. ಬ್ರೂಸ್ ಆಲೆನ್ 2002ರಲ್ಲಿ ಶುರುಮಾಡಿದ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದ ಭಾಗ ಇದು. ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ.

ಇಲ್ಲಿಂದ ನನ್ನ ಜಗಳ ಶುರು. ಡಿಸ್ಕು ತನ್ನ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ, ಎಷ್ಟು ಸಲ ಕರೆಂಟ್ ಹಠಾತ್ ಹೋಗಿದೆ, ಆಯುಸ್ಸಿನಲ್ಲಿ ಶೇಕಡಾ ಎಷ್ಟು ಸವೆದಿದೆ, ಎಲ್ಲವನ್ನೂ. ಬರಹದ ಲೆಕ್ಕವೂ ಸುಲಭ: ಒಂದು 'ಡೇಟಾ ಯೂನಿಟ್' ಅಂದರೆ 5,12,000 ಬೈಟ್, 2 ಕೋಟಿ ಯೂನಿಟ್ ಅಂದರೆ ಸುಮಾರು 10 ಟೆರಾಬೈಟ್. ಇಷ್ಟೆಲ್ಲ ಇದ್ದೂ ನಮಗೆ ತೋರಿಸುವುದು ಒಂದೇ ಪದ, 'ಹೆಲ್ದಿ'!

"ಅಷ್ಟು ಸಾಕಲ್ವಾ?" ಅಂತ ಕೇಳುವವರಿದ್ದಾರೆ. ಸಾಲದು ಸ್ವಾಮಿ. ನನ್ನ ಆ ಹಳೇ ಡಿಸ್ಕಿಗೂ ಸ್ಮಾರ್ಟ್‌ಸಿಟಿಎಲ್ ಮೇಲ್ಗಡೆ 'ಪಾಸ್ಡ್' ಅಂತಲೇ ಬರೆದಿತ್ತು. ಎನ್‌ವಿಎಂಇ ಡಿಸ್ಕಿನಲ್ಲಿ ಆ ಪದಕ್ಕೆ ಅರ್ಥ ಇಷ್ಟೇ: ಡಿಸ್ಕು ಇನ್ನೂ ಅಪಾಯದ ಗಂಟೆ ಬಾರಿಸಿಲ್ಲ. ಉಸಿರಾಡುತ್ತಿದ್ದಾನೆ ಅಂದ ಮಾತ್ರಕ್ಕೆ ಪ್ರಾಯ ಇಪ್ಪತ್ತು ಅಂತಲ್ಲವಲ್ಲ! ಕೆಳಗಿನ ಸಾಲುಗಳನ್ನು ಓದಬೇಕು.

ಗಂಟೆ ಲೆಕ್ಕ ಕಟ್ಟಿಕೊಂಡು ಏನಾಗಬೇಕು ಅನ್ನುವವರಿಗೆ ಒಂದು ನಿಜ ಸಂಗತಿ. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿಯೇ ಗ್ರಾಹಕರನ್ನು ಎಚ್ಚರಿಸಿತು. ಸರ್ವರುಗಳಲ್ಲಿದ್ದ ತನ್ನ ಕೆಲವು ಎಸ್‌ಎಸ್‌ಡಿಗಳು ಫರ್ಮ್‌ವೇರ್ ದೋಷದಿಂದ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ, ಓಡಿದ ಕೂಡಲೇ ಸಾಯುತ್ತವೆ, ಅದಕ್ಕೆ ಮೊದಲೇ ಫರ್ಮ್‌ವೇರ್ ಬದಲಿಸಿ ಅಂತ. ಒಟ್ಟಿಗೆ ಹಾಕಿದ ಡಿಸ್ಕುಗಳು ಒಟ್ಟಿಗೇ ಹೋಗುತ್ತಿದ್ದವು. ಗಂಟೆ ನೋಡಿದವನಿಗೆ ಮಾತ್ರ ಎಷ್ಟು ಸಮಯ ಉಳಿದಿದೆ ಅಂತ ಗೊತ್ತು.

ತಯಾರಕರ ಮೇಲೂ ಸಿಟ್ಟಿದೆ. ಎನ್‌ವಿಎಂಇ ಡಿಸ್ಕುಗಳಲ್ಲಾದರೂ ಈ ಪಟ್ಟಿ ಎಲ್ಲರಿಗೂ ಒಂದೇ. ಸಾಟಾ ಎಸ್‌ಎಸ್‌ಡಿಗಳಲ್ಲಿ ಸವೆತದ ಲೆಕ್ಕವನ್ನು ಸ್ಯಾಮ್‌ಸಂಗ್ 177ನೇ ಸಾಲಿನಲ್ಲಿ ಬರೆದರೆ ಇಂಟೆಲ್ 233ರಲ್ಲಿ, ಕ್ರೂಷಿಯಲ್ 202ರಲ್ಲಿ! ಯಾವ ಸಾಲಿಗೆ ಏನರ್ಥ ಅಂತ ಪಟ್ಟಿ ಮಾಡಿಟ್ಟವರು ಸ್ಮಾರ್ಟ್‌ಮಾನ್‌ಟೂಲ್ಸಿನ ಸ್ವಯಂಸೇವಕರು. ಮಾರಿದವರು ಮಾಡಬೇಕಾದ ಕೆಲಸವನ್ನು ಪುಕ್ಕಟೆ ದುಡಿಯುವವರು ಮಾಡಬೇಕೇ?

ಲೆಕ್ಕ ನೋಡಿದರೆ ಡಿಸ್ಕು ಸಾಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2007ರಲ್ಲಿ ಗೂಗಲ್ ತನ್ನ ಹಾರ್ಡ್ ಡಿಸ್ಕುಗಳನ್ನು ಪರೀಕ್ಷಿಸಿದಾಗ, ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಎಚ್ಚರಿಕೆಗಳಲ್ಲಿ ಒಂದನ್ನೂ ಕೊಡದೆ ಹೋಗಿದ್ದವು. ಹಾಗಾಗಿ ಇನ್ನೊಂದು ಪ್ರತಿ ಇರಲೇಬೇಕು. ಆದರೆ ಇನ್ನೊಂದು ಪ್ರತಿ ಇಡುವ ಡಿಸ್ಕೇ ಮುದುಕನಾದರೆ?

"ಅದೆಲ್ಲ ಇಂಜಿನಿಯರುಗಳ ಕೆಲಸ" ಅನ್ನಬೇಡಿ. ಊರು ಬಿಟ್ಟು ಬಂದ ನಮ್ಮಂಥವರ ಊರು ಈಗ ಉಳಿದಿರುವುದು ಇಂಥ ಡಬ್ಬಿಗಳಲ್ಲೇ. ಅಪ್ಪನ ದನಿ ಮತ್ತೆ ಯಾವ ಅಂಗಡಿಯಲ್ಲೂ ಸಿಗಲ್ಲ. ಒಂದು ಸಾಲು ಟೈಪ್ ಮಾಡಿ, ಕಿವಿರು ಎತ್ತಿ ನೋಡಿ. ಆಮೇಲೆ ಚೀಲಕ್ಕೆ ಹಾಕಿ. ಏನಂತೀರಿ?